ಚಹಾದ ಚಮಚ

ನಾನು ಸಣ್ಣವಳಿದ್ದಾಗ ನಮ್ಮ ಅಡಿಗೆಮನೆಯ ಗೂಡಿನಲ್ಲಿ ಹೊಟ್ಟೆಹುಳದ ಔಷಧಿ ಮೂರು ಬಗೆಯವು ಇರುತ್ತಿದ್ದವು. ಉದಗೀರದ ಅತ್ತಾರನ ಅಂಗಡಿಯಿಂದ ಬಂದ ಪುಡಿಯ ಪೊಟ್ಟಣ. ಅದರ ಮೇಲೆ ಉರ್ದುವಿನಲ್ಲಿ ನಾಲ್ಕು ಸಾಲು. ನಿಲಂಗಾದಿಂದ ತಂದ ಸಿಹಿ ಔಷಧಿಯ ಬಾಟಲಿ. ಅದರ ಚೀಟಿಯ ಒಂದು ಮಗ್ಗುಲು ಇಂಗ್ಲಿಷ್, ಇನ್ನೊಂದು ಮಗ್ಗುಲು ಮರಾಠಿ. ಉಮರ್ಗಾದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಮಾರಿದ ಗುಳಿಗೆಯ ಡಬ್ಬಿ; ಅದರ ಮೇಲೆ ಹಿಂದಿ, ಜೊತೆಗೆ ಗುಂಡುಗುಂಡಗಿನ ಒಂದು ಕೂಸಿನ ಚಿತ್ರ. ಇವನ್ನೆಲ್ಲ ಮಕ್ಕಳಿಗೆ ಕುಡಿಸಬೇಕಾದವಳು ನನ್ನ ಅವ್ವ. ಅವಳಿಗೆ ಬರುತ್ತಿದ್ದದ್ದು ಕನ್ನಡ ಒಂದೇ, ಅದೂ ಬಾಯಿಮಾತಿನ ಕನ್ನಡ.

ನಮ್ಮೂರು ಕಾಸಾರ ಸಿರಸಿಯ ಕಡೆಯದು. ಹೊಲದ ಬದುವಿನ ಮೇಲೆ ನಿಂತರೆ ಯಾವ ಹೊಲ ಯಾವ ರಾಜ್ಯದ್ದು ಎಂದು ಹೇಳುವಂತಿರಲಿಲ್ಲ. ಅಪ್ಪ ಸಣ್ಣವನಿದ್ದಾಗ ನಿಲಂಗಾ, ಉದಗೀರ, ಅಹ್ಮದಪುರ ಮೂರೂ ಬೀದರ ಜಿಲ್ಲೆಯ ತಾಲೂಕುಗಳು. ಹೈದರಾಬಾದಿನ ನಿಜಾಮರ ರಾಜ್ಯ, ಶಾಲೆಯಲ್ಲಿ ಉರ್ದು. 1956ರಲ್ಲಿ ಬೀದರ ಮೈಸೂರಿಗೆ ಹೋಯಿತು, ಈ ಮೂರು ತಾಲೂಕುಗಳು ಉಸ್ಮಾನಾಬಾದ ಜಿಲ್ಲೆಗೆ ಸೇರಿ ಮುಂಬಯಿ ರಾಜ್ಯದ ಪಾಲಾದವು. 1960ರಲ್ಲಿ ಅದೇ ಮಹಾರಾಷ್ಟ್ರವಾಯಿತು. ನಾನು ಶಾಲೆಗೆ ಹೋಗುವ ಹೊತ್ತಿಗೆ ಹಲಗೆಯ ಮೇಲೆ ಮರಾಠಿ ಬಂದಿತ್ತು. ಹೀಗಾಗಿ ಒಂದೇ ಮನೆಯಲ್ಲಿ ಅಪ್ಪ ಓದುವ ಅಕ್ಷರ ಬೇರೆ, ಮಗಳು ಓದುವ ಅಕ್ಷರ ಬೇರೆ, ಅವ್ವನ ಪಾಲಿಗೆ ಯಾವ ಅಕ್ಷರವೂ ಇಲ್ಲ. ಅಪ್ಪ ಹೊಲಕ್ಕೆ ಹೋದನೆಂದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಗಲಿನ ಚೀಟಿಗಳೆಲ್ಲ ನನ್ನ ಪಾಲಿಗೆ ಬಿದ್ದವು.

ಮೊದಲು ಹೀಗಿರಲಿಲ್ಲವಂತೆ. ನನ್ನ ಅಜ್ಜಿ, ಆಯಿ, ಹೇಳುತ್ತಿದ್ದಳು: ಸರಕಾರಿ ದವಾಖಾನೆಗೆ ಹೋದರೆ ಕಂಪೌಂಡರ್ ನೀವು ಒಯ್ದ ಶೀಷೆಯಲ್ಲೇ ಔಷಧಿ ಸುರಿದು, ಅದರ ಮೈಗೆ ಉದ್ದಕ್ಕೂ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದ. ಪಟ್ಟಿಯ ಅಂಚಿಗೆ ಕತ್ತರಿಯಿಂದ ಹಲ್ಲು ಹಲ್ಲಾಗಿ ಕಚ್ಚು ಮಾಡಿರುತ್ತಿತ್ತು. ಒಂದು ಹಲ್ಲಿನಷ್ಟು ಮುಂಜಾನೆ, ಒಂದು ಹಲ್ಲಿನಷ್ಟು ಸಂಜೆ. ಅಕ್ಷರ ಬೇಕಿರಲಿಲ್ಲ, ಭಾಷೆ ಬೇಕಿರಲಿಲ್ಲ. ಆಮೇಲೆ ಕಾರಖಾನೆಯಲ್ಲೇ ತುಂಬಿ, ಬೂಚಿನ ಮೇಲೆ ಸೀಲು ಒತ್ತಿ ಬರುವ ಬಾಟಲಿಗಳು ಬಂದವು. ಅವಕ್ಕೆ ನಮ್ಮ ಕಡೆ 'ಪೇಟೆಂಟ್' ಎಂದರು. ಯಾರ ಹೆಸರಿಗೆ ಯಾವ ಹಕ್ಕು ಬರೆದಿದೆ ಎಂಬ ಅರ್ಥದಲ್ಲಿ ಅಲ್ಲ. ಕಲಸಿಕೊಟ್ಟದ್ದಲ್ಲ, ಸಿದ್ಧವಾಗಿ ಬಂದದ್ದು ಎಂಬ ಅರ್ಥದಲ್ಲಿ. ಪೇಟೆಂಟ್ ಔಷಧಿಗೆ ಜನ ಹೆಚ್ಚು ದುಡ್ಡು ಕೊಟ್ಟರು, ಹೆಚ್ಚು ನಂಬಿದರು. ಆದರೆ ಆ ಹಲ್ಲಿನ ಪಟ್ಟಿ ಹೋಗಿ ಅದರ ಜಾಗದಲ್ಲಿ ಎಂಟು ಮಡಿಕೆಯ ಚೀಟಿ ಬಂತು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗಿಂದ ಓಣಿಯ ಹೆಣ್ಣುಮಕ್ಕಳು ನನ್ನನ್ನು ಕರೆಯತೊಡಗಿದರು. "ಏ ಯವ್ವಾ, ಇಲ್ಲಿ ಬಾ, ಇದರಾಗ ಏನ್ ಬರ್ದಾರ ನೋಡು." ಗಂಡು ಹುಡುಗರು ನನಗಿಂತ ಚೆನ್ನಾಗಿ ಓದುವವರಿದ್ದರು. ಆದರೆ ಹೊಟ್ಟೆಹುಳದ ಮಾತು ಗಂಡು ಹುಡುಗರ ಮುಂದೆ ಆಡುವ ಮಾತಲ್ಲ. ಎಲ್ಲಿ ತುರಿಸುತ್ತದೆ, ಏನು ಬಿತ್ತು, ಎಷ್ಟು ಉದ್ದದ್ದು ಬಿತ್ತು, ಜೀವ ಇತ್ತೋ ಇಲ್ಲವೋ, ಇದನ್ನೆಲ್ಲ ಒಳಗಿನ ಕೋಣೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಹೇಳಬೇಕು. ನಿಲಂಗಾದ ಅಂಗಡಿಯವನ ಮುಂದೆ ಮರಾಠಿಯಲ್ಲಂತೂ ಹೇಳುವುದು ಸಾಧ್ಯವೇ ಇರಲಿಲ್ಲ. ಅಲ್ಲಿ ಅವರು 'ಜಂತ' ಎಂಬ ಒಂದು ಶಬ್ದ ಹೇಳಿ ದುಡ್ಡು ಇಡುತ್ತಿದ್ದರು. ಅವನು ಒಂದು ಬಾಟಲಿ ಕೊಡುತ್ತಿದ್ದ. ಯಾವ ಹುಳ, ಎಷ್ಟು ವಯಸ್ಸಿನ ಹೊಟ್ಟೆ, ಏನೂ ಕೇಳದೆ.

ಹುಳದಲ್ಲಿ ಬಗೆ ಇವೆ ಎಂಬುದು ಆಯಿಗೆ ಚೆನ್ನಾಗಿ ಗೊತ್ತಿತ್ತು. ಎರೆಹುಳದಷ್ಟು ಉದ್ದದ ಬಿಳಿ ಜಂತುಹುಳ ಒಂದು. ರಾತ್ರಿ ಹೊತ್ತು ಮಕ್ಕಳನ್ನು ಮಲಗಗೊಡದ, ದಾರದ ತುಂಡಿನಂಥ ಸಣ್ಣ ಹುಳ ಇನ್ನೊಂದು. ಮಗು ನಿದ್ದೆಯಲ್ಲಿ ಹಲ್ಲು ಕಡಿದರೆ, ಮುಖದ ಮೇಲೆ ಬಿಳಿ ಚಿಬ್ಬು ಎದ್ದರೆ, ಗೋಡೆಯ ಮಣ್ಣು ಕೆರೆದು ತಿಂದರೆ ಹುಳವೇ ಎಂದು ಅವಳ ತೀರ್ಮಾನ. ಈಗಿನ ವೈದ್ಯರು ಹಲ್ಲು ಕಡಿಯುವುದನ್ನೂ ಮುಖದ ಚಿಬ್ಬನ್ನೂ ಹುಳದ ಲೆಕ್ಕಕ್ಕೆ ಹಾಕುವುದಿಲ್ಲ. ಆದರೂ ಆಯಿಯ ಚಿಕಿತ್ಸೆಯನ್ನು ನಾನು ಹಗುರಾಗಿ ನೋಡಲಾರೆ. ಅವಳು ಸಂಜೆ ಮಗುವಿಗೆ ಬೆಲ್ಲ ತಿನ್ನಿಸುತ್ತಿದ್ದಳು. ಬೆಲ್ಲದ ಆಸೆಗೆ ಹುಳಗಳೆಲ್ಲ ಒಂದು ಕಡೆ ಬಂದು ಕೂಡುತ್ತವೆ ಎಂದು ಅವಳ ವಿವರಣೆ. ಮರುದಿನ ಬರಿಹೊಟ್ಟೆಗೆ ವಾಯುವಿಳಂಗದ ಪುಡಿ, ಇಲ್ಲವೆ ಅಜವಾನ, ಆಮೇಲೆ ಔಡಲ ಎಣ್ಣೆ. ಎಷ್ಟೋ ವರ್ಷಗಳ ಮೇಲೆ ಚರಕ ಸಂಹಿತೆಯ ವಿಮಾನಸ್ಥಾನ ಓದುವಾಗ ಬೆರಗಾದೆ: ಕೃಮಿ ಇರುವವನಿಗೆ ಮೊದಲು ಹಾಲು, ಬೆಲ್ಲ, ಎಳ್ಳಿನಂಥ ಕೃಮಿಗೆ ಪ್ರಿಯವಾದ ಆಹಾರ ಕೊಟ್ಟು ಅವನ್ನು ಕೋಷ್ಠದತ್ತ ಎಳೆದು, ಆಮೇಲೆ ಹೊರಹಾಕುವ ಔಷಧಿ ಕೊಡಬೇಕೆಂದು ಅಲ್ಲಿದೆ. ಅಕ್ಷರ ಕಲಿಯದ ಆಯಿಗೆ ಅದು ಯಾವ ದಾರಿಯಿಂದ ಬಂದಿತ್ತೋ. ಅದೇ ಅಧ್ಯಾಯ ಚಿಕಿತ್ಸೆಯ ಮೂರು ಭಾಗ ಹೇಳುತ್ತದೆ: ಕೃಮಿಯನ್ನು ತೆಗೆಯುವುದು, ಅದು ಬೆಳೆಯುವ ಸ್ಥಿತಿಯನ್ನು ಕೆಡಿಸುವುದು, ಅದು ಬರುವ ಕಾರಣವನ್ನೇ ಬಿಡುವುದು. ನಮ್ಮ ಗೂಡಿನಲ್ಲಿದ್ದ ಮೂರು ಔಷಧಿಗಳೂ ಮೊದಲನೆಯ ಭಾಗಕ್ಕೇ ಸೇರಿದವು.

ಕಾರಣ ಎಲ್ಲಿತ್ತು ಎಂದು ನೆನೆಸಿಕೊಂಡರೆ ನನಗೆ ಎಳ್ಳ ಅಮಾವಾಸ್ಯೆ ಕಣ್ಣ ಮುಂದೆ ಬರುತ್ತದೆ. ನಮ್ಮ ಕಡೆ ದೀಪಾವಳಿಗಿಂತ ದೊಡ್ಡ ಹಬ್ಬ ಅದು. ಲಾತೂರ, ಉಸ್ಮಾನಾಬಾದ ಕಡೆಯ ಮರಾಠಿಯವರೂ 'ವೇಳ ಅಮಾವಾಸ್ಯಾ' ಎಂದು ನಮ್ಮ ಹೆಸರನ್ನೇ ತಿರುಗಿಸಿ ಕರೆದು ಆಚರಿಸುತ್ತಾರೆ. ಬಂಡಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುವುದು. ಜೋಳದ ಕಣಿಕೆಯ ಗುಡಿಸಲಿನೊಳಗೆ ಪೂಜೆ, ಆಮೇಲೆ ಸಜ್ಜೆ ರೊಟ್ಟಿ, ಭಜ್ಜಿ, ಗಡಿಗೆಯ ಅಂಬಲಿ. ನಾವು ಮಕ್ಕಳು ಊಟಕ್ಕೆ ಕಾಯುತ್ತಿರಲಿಲ್ಲ. ಬಾವಿಯ ಬದಿಯ ಮಡಿಯಲ್ಲಿ ಗಜ್ಜರಿ ಕಿತ್ತು, ಲಂಗಕ್ಕೆ ಒರೆಸಿ, ಹಲ್ಲಿಗೆ ಮಣ್ಣು ಕರುಕುರು ಎನ್ನುತ್ತಿದ್ದಂತೆ ತಿನ್ನುತ್ತಿದ್ದೆವು. ಆ ಗಜ್ಜರಿಯ ರುಚಿ ನನಗೆ ಇವತ್ತಿಗೂ ನೆನಪಿದೆ. ಅದೇ ಬದುವಿನ ಆಚೆ ನಸುಕಿನಲ್ಲಿ ಊರಿನ ಹೆಣ್ಣುಮಕ್ಕಳೆಲ್ಲ ಚರಗಿ ಹಿಡಿದು ಹೋಗುತ್ತಿದ್ದರು. ಮಕ್ಕಳನ್ನಂತೂ ಅಂಗಳದಂಚಿನಲ್ಲೇ ಕೂಡಿಸುತ್ತಿದ್ದರು. ಒಂದು ಹೆಣ್ಣು ಜಂತುಹುಳ ದಿನಕ್ಕೆ ಎರಡು ಲಕ್ಷದಷ್ಟು ತತ್ತಿ ಹಾಕುತ್ತದೆ. ತತ್ತಿ ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯುವುದಿಲ್ಲ. ಬಾಯಿಯಿಂದ ಒಳಗೆ ಹೋದ ತತ್ತಿ ಒಡೆದು, ಮರಿ ಕರುಳನ್ನು ತೂರಿ ರಕ್ತದಲ್ಲಿ ಸಾಗಿ ಪುಪ್ಪುಸಕ್ಕೆ ಏರುತ್ತದೆ. ಅಲ್ಲಿಂದ ಗಂಟಲಿಗೆ ಬಂದು, ನುಂಗಿದಾಗ ಮತ್ತೆ ಹೊಟ್ಟೆಗೆ ಇಳಿದು ದೊಡ್ಡದಾಗುತ್ತದೆ. ಇದಕ್ಕೆಲ್ಲ ಎರಡು ಮೂರು ತಿಂಗಳು ಬೇಕು. ಎಳ್ಳ ಅಮಾವಾಸ್ಯೆಯ ಗಜ್ಜರಿ ಹೋಳಿಯ ಹೊತ್ತಿಗೆ ಹುಳವಾಗಿ ಬಿತ್ತು ಎಂದು ಲೆಕ್ಕ ಹಾಕಿದರೆ ಸರಿಯಾಗಿ ಕೂಡುತ್ತದೆ. ಆಯಿ ವರ್ಷಾ ಹೋಳಿಯ ಮುಂದೆ ಎಲ್ಲ ಮಕ್ಕಳಿಗೂ ಔಡಲ ಎಣ್ಣೆ ಕುಡಿಸುತ್ತಿದ್ದದ್ದು ಸುಮ್ಮನೆ ಅಲ್ಲ. ನಡುವೆ ಬರುತ್ತಿದ್ದ ಒಣಕೆಮ್ಮಿಗೆ ನಾವು ಚಳಿಯನ್ನು ದೂರುತ್ತಿದ್ದೆವು.

ಉದಗೀರದಲ್ಲಿ ನನ್ನ ಸೋದರತ್ತೆಯ ಮನೆ. ರಜೆಯಲ್ಲಿ ಹೋದಾಗ ಅತ್ತೆಯ ಜೊತೆ ಅತ್ತಾರನ ಅಂಗಡಿಗೆ ಹೋಗುವುದು ನನಗೆ ಜಾತ್ರೆಗೆ ಹೋದಂತೆ. ನೂರಾರು ಡಬ್ಬಿ, ನೂರಾರು ವಾಸನೆ. ಹುಳಕ್ಕೆ ಎಂದರೆ ಅವನು ಬಾಯಬಿಡಂಗ ತೂಗುತ್ತಿದ್ದ. ಅದು ಕರಿಮೆಣಸಿನಂಥ ಕಾಳು. ನಾವು ವಾಯುವಿಳಂಗ ಎನ್ನುವುದು, ಮರಾಠಿಯವರು ವಾವಡಿಂಗ ಎಂದು ಕೂಸಿನ ಹಾಲಿನಲ್ಲಿ ಕುದಿಸುವುದು ಇದನ್ನೇ. ಮೂರು ಹೆಸರೂ ಸಂಸ್ಕೃತದ 'ವಿಡಂಗ'ದ ಮಕ್ಕಳು. ಅದರ ಜೊತೆ ಕಮೀಲಾ ಎಂಬ ಇಟ್ಟಂಗಿ ಬಣ್ಣದ ಪುಡಿ. ಕಾಯಿಯ ಮೇಲಿನ ಧೂಳಿನಂಥ ಕೂದಲನ್ನು ಉದುರಿಸಿ ಮಾಡಿದ್ದು. ರೇಷ್ಮೆಗೆ ಬಣ್ಣ ಕಟ್ಟುವುದಕ್ಕೂ ಅದೇ. ಪೊಟ್ಟಣ ಕಟ್ಟಿಕೊಟ್ಟ ಅವನ ಬೆರಳು ಸಂಜೆಯವರೆಗೂ ಕೆಂಪಗೇ ಇರುತ್ತಿದ್ದವು. ಮುತ್ತುಗದ ಬೀಜವನ್ನೂ ಕೊಡುತ್ತಿದ್ದ. ಪೊಟ್ಟಣದ ಮೇಲೆ ಉರ್ದುವಿನಲ್ಲಿ ಬರೆದದ್ದನ್ನು ಊರಿಗೆ ಬಂದ ಮೇಲೆ ಅಪ್ಪ ಓದಿ ಹೇಳಬೇಕು. ಆದರೆ ಉದಗೀರದ ಆ ಮುದುಕ ನಮ್ಮ ಅತ್ತೆಯ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದ. "ಇದು ಮೂರ್ ದಿನ, ಚಿಟಿಕಿ ಚಿಟಿಕಿ. ನಾಕನೇ ದಿನ ಔಡಲೆಣ್ಣಿ. ಬಸುರಿದ್ದವರಿಗಿ ಕೊಡಬ್ಯಾಡ್ರಿ." ಬರೆದದ್ದಕ್ಕಿಂತ ಆ ಮಾತೇ ಮನೆಗೆ ಬಂದು ಉಳಿಯುತ್ತಿತ್ತು.

ಅಪ್ಪನಿಗೆ ಆ ಪೊಟ್ಟಣದ ಉರ್ದು ಓದುವಾಗೆಲ್ಲ ಒಂದು ಹಳದಿ ದಿನದ ನೆನಪು. ಸಣ್ಣವನಿದ್ದಾಗ ಅವನಿಗೆ ದವಾಖಾನೆಯಲ್ಲಿ ಹುಳದ ಬಿಳಿ ಪುಡಿ ಕೊಟ್ಟಿದ್ದರಂತೆ. ರಾತ್ರಿ ತಿಂದು ಮಲಗಿ ಮುಂಜಾನೆ ಕಣ್ಣು ಬಿಟ್ಟರೆ ಸುಣ್ಣದ ಗೋಡೆಗೆಲ್ಲ ಅರಿಷಿಣ ಬಳಿದ ಹಾಗೆ. ಬಿಳಿ ಎತ್ತು ಹಳದಿ, ಹಾಲು ಹಳದಿ, ಆಯಿಯ ತಲೆಗೂದಲು ಹಳದಿ. ದೇವರು ಮೈಮೇಲೆ ಬಂದಿದ್ದಾನೆಂದು ಆಯಿ ಹೆದರಿ ನಿಂಬೆಹಣ್ಣು ಇಳಿಸಿದಳಂತೆ. ಅದು ಸ್ಯಾಂಟೊನಿನ್. ಮಾಚಿಪತ್ರೆಯ ಕುಲದ ಗಿಡಗಳ ಮೊಗ್ಗಿನಿಂದ 1830ರಲ್ಲಿ ಬೇರ್ಪಡಿಸಿದ ಔಷಧಿ. ಯುರೋಪಿನಲ್ಲಿ ಸಕ್ಕರೆ ಮಿಠಾಯಿಯೊಳಗಿಟ್ಟು ಮಕ್ಕಳಿಗೆ ಮಾರುತ್ತಿದ್ದರು. ನೂರು ವರ್ಷಕ್ಕೂ ಮಿಕ್ಕಿ ಜಂತುಹುಳಕ್ಕೆ ಅದೇ ಮುಖ್ಯ ಔಷಧಿಯಾಗಿತ್ತು. ಕಣ್ಣಿಗೆ ಎಲ್ಲ ಹಳದಿ ಕಾಣುವುದು ಅದರ ಗುರುತು. ಪ್ರಮಾಣ ಹೆಚ್ಚಾದರೆ ಸೆಳವು ಬಂದು ಜೀವಕ್ಕೂ ಕುತ್ತು. ಅಪ್ಪನಿಗೆ ಯಾರಾದರೂ ಒಂದು ಮಾತು ಮೊದಲೇ ಹೇಳಿದ್ದರೆ ಆ ದಿನದ ಅಂಜಿಕೆ ಇರುತ್ತಿರಲಿಲ್ಲ. ಅವನು ಮುದುಕನಾದ ಮೇಲೂ ಅದನ್ನು ಹೇಳುವಾಗ ಒಮ್ಮೆ ಕಣ್ಣು ಉಜ್ಜಿಕೊಳ್ಳುತ್ತಿದ್ದ.

ಹೈದರಾಬಾದಿನಿಂದ ಬೀದರದ ಮೇಲೆ ಉದಗೀರಕ್ಕೆ ಬರುವ ರೈಲಿನಲ್ಲಿ ಇನ್ನೊಂದು ಬಾಟಲಿಯೂ ಬರುತ್ತಿತ್ತು, ಜಿಂದಾ ತಿಲಿಸ್ಮಾತ್. 1920ರಲ್ಲಿ ಹೈದರಾಬಾದಿನ ಹಕೀಮ ಮೊಯಿಜುದ್ದೀನ್ ಫಾರೂಕಿ ಶುರು ಮಾಡಿದ ಔಷಧಿ. ನಿಜಾಮರ ರಾಜ್ಯ ಹೋಯಿತು, ಜಿಲ್ಲೆಗಳು ಹರಿದು ಹಂಚಿಹೋದವು. ಆ ಕೆಂಪು ನೀರಿನ ಪುಟ್ಟ ಬಾಟಲಿ ಬೀದರ, ಉದಗೀರ, ಉಮರ್ಗಾ ಎಲ್ಲ ಕಡೆ ಮೊದಲಿನ ಹಾಗೇ ಉಳಿಯಿತು. ಹುಳಕ್ಕೆಂದು ಮಾಡಿದ್ದಲ್ಲ ಅದು, ನೆಗಡಿಗೆ, ಹೊಟ್ಟೆನೋವಿಗೆ. ಆದರೂ ನಮ್ಮ ಆಯಿ ಹುಳಕ್ಕೂ ಎರಡು ಹನಿ ಹಾಕಿಬಿಡುತ್ತಿದ್ದಳು. ಅದರಲ್ಲಿ ಅಜವಾನದ ಸತ್ವ ಇದೆ. ಈ ಸತ್ವಕ್ಕೆ ಥೈಮಾಲ್ ಎಂದು ಹೆಸರು. ಮೊದಲ ಮಹಾಯುದ್ಧದ ಮುಂಚೆ ನಮ್ಮ ದೇಶದ ಅಜವಾನ ಜರ್ಮನಿಗೆ ಹೋಗಿ ಅಲ್ಲಿ ಥೈಮಾಲ್ ಆಗುತ್ತಿತ್ತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 1909ರಿಂದ ರಾಕ್‌ಫೆಲರ್ ಆಯೋಗದವರು ಬರಿಗಾಲಿನ ಬಡ ರೈತರ ಹೊಟ್ಟೆಯ ಕೊಕ್ಕೆಹುಳ ತೆಗೆಯಲು ಕೊಟ್ಟದ್ದೂ ಥೈಮಾಲನ್ನೇ, ಮೇಲೆ ಭೇದಿ ಉಪ್ಪು. ಆಯಿಯ ಅಜವಾನ ಮತ್ತು ಔಡಲ ಎಣ್ಣೆಯ ಜೋಡಿಗೂ ಅದಕ್ಕೂ ಬಹಳ ದೂರ ಇಲ್ಲ. ಆದರೆ ಹಿಡಿ ಅಜವಾನದಲ್ಲಿ ಎಷ್ಟು ಸತ್ವ, ಯಾವ ವಯಸ್ಸಿಗೆ ಎಷ್ಟು ಎಂಬ ಲೆಕ್ಕ ಅವರ ಹತ್ತಿರ ಇತ್ತು, ನಮ್ಮ ಹತ್ತಿರ ಇರಲಿಲ್ಲ.

ಉಮರ್ಗಾ ಬೇರೆ ಲೋಕ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿನ ಊರು, ಹಗಲೂ ರಾತ್ರಿ ಲಾರಿ. ಬಸ್ ಸ್ಟ್ಯಾಂಡಿನಲ್ಲಿ ಸಂತೆಯ ದಿನ ಒಬ್ಬ ನೆಲದ ಮೇಲೆ ಬಟ್ಟೆ ಹಾಸಿ ಗಾಜಿನ ಭರಣಿ ಸಾಲಾಗಿ ಇಡುತ್ತಿದ್ದ. ಒಂದೊಂದು ಭರಣಿಯಲ್ಲಿ ಒಂದೊಂದು ಹುಳ, ಬಿಳುಚಿ ಸುರುಳಿ ಸುತ್ತಿಕೊಂಡು ನೀರಿನಲ್ಲಿ ತೇಲುವುದು. ಲಾಡಿಹುಳದ ಭರಣಿಯನ್ನು ಎತ್ತಿ ಹಿಡಿದು, ಇದು ಇಂಥ ಊರಿನ ಪಾಟೀಲನ ಹೊಟ್ಟೆಯಿಂದ ಬಂದದ್ದು ಎನ್ನುತ್ತಿದ್ದ. ಹಿಂದಿ, ಮರಾಠಿ, ಕನ್ನಡ ಮೂರನ್ನೂ ಕಲಸಿ ಅವನಷ್ಟು ಚಂದ ಮಾತಾಡಿದವರನ್ನು ನಾನು ಆಮೇಲೆ ನೋಡಿಲ್ಲ. ಉದಗೀರದ ಅತ್ತಾರನನ್ನು ಬಿಟ್ಟರೆ ನಮ್ಮ ಹೆಣ್ಣುಮಕ್ಕಳ ಜೊತೆ ಅವರ ಭಾಷೆಯಲ್ಲಿ ಹುಳದ ಬಗ್ಗೆ ಬಿಚ್ಚಿ ಮಾತಾಡಿದ ಮಾರಾಟಗಾರ ಅವನೊಬ್ಬನೇ, ಅದಕ್ಕೇ ಅವನ ಗುಳಿಗೆ ಮಾರಿಹೋಗುತ್ತಿತ್ತು. ನನಗೆ ಈಗಲೂ ಸಂಕಟವಾಗುವುದು ಇಲ್ಲಿಯೇ. ಕಾರಖಾನೆಯ ಔಷಧಿ ನಿಜವಾದದ್ದಿತ್ತು, ಅದಕ್ಕೆ ನಮ್ಮ ಮಾತು ಬರುತ್ತಿರಲಿಲ್ಲ. ಇವನಿಗೆ ನಮ್ಮ ಮಾತು ಬರುತ್ತಿತ್ತು, ಇವನ ಡಬ್ಬಿಯಲ್ಲಿ ಏನಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ನನ್ನ ತಮ್ಮನಿಗೆ ಆ ಗುಳಿಗೆ ಕೊಟ್ಟಾಗ ಎರಡು ದಿನ ಭೇದಿ ನಿಲ್ಲಲಿಲ್ಲ, ಹುಳ ಒಂದೂ ಬೀಳಲಿಲ್ಲ.

ಇನ್ನು ಆ ಸಿಹಿ ಔಷಧಿಯ ಬಾಟಲಿ.

ಅದು ಪಿಪರಜಿನ್. ಮೊದಲು ಸಂಧಿವಾತಕ್ಕೆಂದು ಬಂದ ವಸ್ತು. ಅದು ಹುಳಕ್ಕೆ ನಾಟುತ್ತದೆ ಎಂದು ಗೊತ್ತಾಗಿ 1950ರ ದಶಕದಲ್ಲಿ ಜಗತ್ತೆಲ್ಲ ಹರಡಿತು. ಬರೋಸ್ ವೆಲ್‌ಕಮ್ ಕಂಪನಿಯ ಆಂಟಿಪಾರ್ ನಮ್ಮ ಕಡೆ ಹೆಸರಾದದ್ದು. ಆಮೇಲೆ ಗ್ಲಾಕ್ಸೋದ ಹೆಲ್ಮಾಸಿಡ್ ಬಂತು, ಅದರಲ್ಲಿ ಸೋನಾಮುಖಿಯೂ ಸೇರಿರುತ್ತಿತ್ತು. ಇವಲ್ಲದೆ ಹತ್ತಾರು ಸಣ್ಣ ಕಂಪನಿಗಳ ಬಾಟಲಿಗಳು. ಪಿಪರಜಿನ್ ಹುಳವನ್ನು ಕೊಲ್ಲುವುದಿಲ್ಲ. ಅದರ ಮೈಯ ಸ್ನಾಯು ಸಡಿಲಿಸಿಬಿಡುತ್ತದೆ. ಕರುಳಿಗೆ ಒತ್ತಿ ನಿಲ್ಲುವ ಶಕ್ತಿ ಹೋಗಿ ಹುಳ ತಾನಾಗಿ ಜಾರಿ ಹೊರಗೆ ಬರುತ್ತದೆ, ಎಷ್ಟೋ ಸಲ ಜೀವಂತವಾಗಿ. ಮಕ್ಕಳು ಚೀರಿ ಓಡಿಬರುತ್ತಿದ್ದರು. ಸ್ಯಾಂಟೊನಿನ್‌ಗೆ ಹೋಲಿಸಿದರೆ ಇದು ಬಹಳ ಸೌಮ್ಯ, ರುಚಿಯೂ ಸಿಹಿ. ಅಂಥ ಒಳ್ಳೆಯ ಔಷಧಿಯಿಂದಲೇ ನನ್ನ ಕೈಯಲ್ಲಿ ತಪ್ಪಾಯಿತು.

ನನಗೆ ಹತ್ತು ವರ್ಷ. ಓಣಿಯ ಕೊನೆಯ ಮನೆಯ ಕಾಕು ತನ್ನ ನಾಲ್ಕು ವರ್ಷದ ಮಗನಿಗೆ ಬಾಟಲಿ ತರಿಸಿದ್ದಳು. ಚೀಟಿಯಲ್ಲಿ ಮರಾಠಿಯಲ್ಲಿ 'ಚಹಾಚಾ ಚಮಚಾ' ಎಂದಿತ್ತು, ಎಷ್ಟು ಚಮಚ ಎಂದು ವಯಸ್ಸಿನ ಪ್ರಕಾರ. ಓದುತ್ತ ಓದುತ್ತ ನಾನು ಯೋಚಿಸಿದೆ: ಚಹಾಕ್ಕೆ ಚಮಚ ಎಲ್ಲಿಯದು? ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಚಹಾಕ್ಕೆ ಚಮಚ ಇರಲಿಲ್ಲ. ಸಕ್ಕರೆಯನ್ನು ಕೈಯಿಂದ ಹಾಕಿ ಪಾತ್ರೆಯಲ್ಲೇ ಕುದಿಸುತ್ತಿದ್ದರು. ಅರ್ಥವಿಲ್ಲದ ಶಬ್ದ ಎಂದು 'ಚಹಾಚಾ' ಬಿಟ್ಟುಬಿಟ್ಟೆ. "ಎರಡು ಚಮಚಾ ಕಾಕು, ದಿನಕ್ಕ ಒಮ್ಮಿ" ಎಂದೆ. ಆ ಮನೆಯಲ್ಲಿ ಚಮಚ ಎಂದರೆ ಬ್ಯಾಳಿ ಬಡಿಸುವ ಚಮಚ. ಇನ್ನೊಂದು ತಪ್ಪೂ ಆಯಿತು. ಜಂತುಹುಳಕ್ಕೆ ಎರಡು ದಿನ, ದಾರದಂಥ ಸಣ್ಣ ಹುಳಕ್ಕೆ ಏಳು ದಿನ ಎಂದು ಎರಡು ಬೇರೆ ಸಾಲುಗಳಿದ್ದವು. ಯಾವ ಹುಳ ಎಂದು ನಾನು ಕೇಳಲಿಲ್ಲ. ಏಳು ದಿನ ಎಂದೆ.

ಮೂರನೇ ದಿನ ಮಧ್ಯಾಹ್ನ ಆ ಹುಡುಗ ಅಂಗಳದಲ್ಲಿ ನಡೆಯುತ್ತ ಒಂದು ಕಡೆ ವಾಲಿ ಬಿದ್ದ. ಎದ್ದ, ಮತ್ತೆ ಬಿದ್ದ. ಕುಡಿದವರ ಹಾಗೆ ಕಾಲು ತೊಡರುತ್ತಿತ್ತು, ಕೈ ನಡುಗುತ್ತಿತ್ತು, ವಾಂತಿ. ಕಾಕು ಅವನನ್ನು ಹೆಗಲಿಗೆ ಹಾಕಿಕೊಂಡು ಓಡಿದಳು. ಯಾರದೋ ಬಂಡಿ, ಆಮೇಲೆ ಬಸ್ಸು, ಉಮರ್ಗಾದ ಡಾಕ್ಟರು. ಬಾಟಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಾದದ್ದನ್ನು ನೋಡಿ ಡಾಕ್ಟರಿಗೆ ಗೊತ್ತಾಯಿತಂತೆ. ಔಷಧಿ ನಿಲ್ಲಿಸಿದರು, ಅಲ್ಲೇ ಇರಿಸಿಕೊಂಡು ನೋಡಿಕೊಂಡರು. ಮೂರು ದಿನಕ್ಕೆ ಹುಡುಗ ಸರಿಯಾಗಿ ನಡೆದ. ಆ ಮೂರು ದಿನ ನಾನು ಅಟ್ಟದ ಮೇಲೆ ಜೋಳದ ಚೀಲದ ಹಿಂದೆ ಕೂತಿದ್ದೆ. ಊಟಕ್ಕೆ ಕರೆದರೂ ಇಳಿಯಲಿಲ್ಲ. ಕಾಕು ಊರಿಗೆ ಬಂದ ದಿನ ನೆಟ್ಟಗೆ ನಮ್ಮ ಮನೆಗೇ ಬಂದಳು. ಬಯ್ಯಲಿಲ್ಲ. "ಹುಡುಗಿದು ಏನ್ ತಪ್ಪದ, ನಮಗ ಓದಲಿಕ್ಕ ಬರಲ್ಲ, ನಮ್ಮ ತಪ್ಪು" ಎಂದಳು. ಆ ಮಾತನ್ನು ನಾನು ಈವರೆಗೂ ಒಪ್ಪಿಲ್ಲ. ಓದಲು ಬಾರದ್ದು ಅವಳ ತಪ್ಪಲ್ಲ. ಅವಳ ಊರಿನಲ್ಲಿ ಮಾರುವ ಔಷಧಿಯ ಮೇಲೆ ಅವಳಿಗೆ ತಿಳಿಯುವ ಗುರುತು ಒಂದೂ ಇರಲಿಲ್ಲ, ಕಂಪೌಂಡರನ ಕತ್ತರಿಯ ಕಚ್ಚಿನಷ್ಟು ಸಹ.

ಅವ್ವ ಏನೂ ಮಾತಾಡಲಿಲ್ಲ. ಮುಂದಿನ ಸಂತೆಗೆ ನಿಲಂಗಾಕ್ಕೆ ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿ ಔಷಧಿ ಅಂಗಡಿಯ ಮುಂದೆ ನಿಂತು, "ಕೇಳವನಿಗಿ, ಅದು ಎಷ್ಟ್ ದೊಡ್ಡ ಚಮಚಾ ಅಂತ" ಎಂದಳು. ಅವನು ತನ್ನ ಗಲ್ಲಾದೊಳಗಿಂದ ಒಂದನ್ನು ತೆಗೆದು ತೋರಿಸಿದ. ಐದು ಮಿಲಿಲೀಟರ್ ಹಿಡಿಯುವುದು. ಅವ್ವ ಅದನ್ನು ಅಂಗೈಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಭಾಂಡೆ ಅಂಗಡಿಗೆ ಹೋಗಿ ಅಂಥದೇ ಒಂದು ಸ್ಟೀಲಿನ ಚಮಚ ಕೊಂಡಳು. ನಮ್ಮ ಮನೆಯ ಮೊದಲ ಚಹಾದ ಚಮಚ ಅದು, ಚಹಾಕ್ಕೆ ಅದನ್ನು ಒಂದು ದಿನವೂ ಮುಟ್ಟಲಿಲ್ಲ. ಅದರ ಹಿಡಿಕೆಗೆ ಕೆಂಪು ದಾರ ಕಟ್ಟಿ ಗೂಡಿನಲ್ಲಿಟ್ಟಳು. ಆಮೇಲೆ ಯಾರು ಚೀಟಿ ಓದಲು ಕರೆದರೂ ನಾನು ಆ ಚಮಚ ಹಿಡಿದುಕೊಂಡೇ ಹೋಗಬೇಕು. ಓದುವುದು, ಚಮಚದಲ್ಲಿ ನೀರು ತುಂಬಿ ತೋರಿಸುವುದು, ಅವರ ಮನೆಯ ಯಾವ ಪಾತ್ರೆಗೆ ಎಷ್ಟಾಗುತ್ತದೆಂದು ನೋಡುವುದು. ಯಾವ ಹುಳ ಎಂದು ಕೇಳುವುದು. ನಾಚಿಕೆಯಾದರೂ ಕೇಳುವುದು.

ಹಾಗೆ ಕೇಳುತ್ತ ಹೋದಾಗ ನನಗೆ ಇನ್ನೊಂದು ಸಂಗತಿ ಅರ್ಥವಾಯಿತು. ಎಲ್ಲ ಬಾಟಲಿಗಳೂ ಮಕ್ಕಳ ಹೆಸರಿನಲ್ಲಿ ಬರುತ್ತಿದ್ದವು, ಆದರೆ ಎಲ್ಲವೂ ಮಕ್ಕಳ ಹೊಟ್ಟೆಗೆ ಹೋಗುತ್ತಿರಲಿಲ್ಲ. "ಕೂಸು ಸ್ವಲ್ಪ ದೊಡ್ಡದಿದ್ರ ಎಷ್ಟ್ ಕೊಡಬೇಕು?" ಎಂದು ಒಬ್ಬಳು ಕೇಳುತ್ತಿದ್ದಳು. ಎಷ್ಟು ದೊಡ್ಡದು ಎಂದರೆ ಮುಖ ಬೇರೆ ಕಡೆ ತಿರುಗಿಸಿ, "ನನ್ನಷ್ಟು ಅಂತ ತಿಳಕೊ." ದೊಡ್ಡವರಿಗೆ, ಅದರಲ್ಲೂ ಮದುವೆಯಾದ ಹೆಂಗಸಿಗೆ ಹೊಟ್ಟೆಹುಳ ಇದೆ ಎಂದರೆ ಮನೆಯಲ್ಲಿ ಮರ್ಯಾದೆ ಇಲ್ಲ. ಅತ್ತೆ ಅವಳ ಕೈಯ ರೊ‍ಟ್ಟಿ ತಿನ್ನುವುದಿಲ್ಲ. ಹೀಗಾಗಿ ಮಗುವಿನ ಪಾಲಿನ ಔಷಧಿಯಲ್ಲಿ ಒಂದು ಚಮಚ ಕದ್ದು ಕುಡಿಯುತ್ತಿದ್ದರು. ಮಗುವಿಗೂ ಕಡಿಮೆ, ತಾಯಿಗೂ ಕಡಿಮೆ; ಹುಳ ಇಬ್ಬರಲ್ಲೂ ಉಳಿಯುವುದು. ಸಣ್ಣ ಹುಳವಂತೂ ಮನೆಯ ಎಲ್ಲರೂ ಒಂದೇ ಸಲಕ್ಕೆ ಔಷಧಿ ತೆಗೆದುಕೊಳ್ಳದಿದ್ದರೆ ಹಾಸಿಗೆಯಿಂದ ಹಾಸಿಗೆಗೆ, ಉಗುರಿನಿಂದ ಬಾಯಿಗೆ ಸುತ್ತುತ್ತಲೇ ಇರುತ್ತದೆ. ಚೀಟಿಯಲ್ಲಿ ಇದು ಬರೆದಿತ್ತು. ಮಾವನವರಿಗೂ ಕುಡಿಸಿರಿ ಎಂದು ಹೇಳುವ ಧೈರ್ಯ ಯಾವ ಸೊಸೆಗಿತ್ತು?

1980ರ ಸುಮಾರಿಗೆ ನನ್ನ ತಮ್ಮ ಉಮರ್ಗಾದಲ್ಲಿ ಮೆಡಿಕಲ್ ಅಂಗಡಿ ಹಾಕಿದ. ನಾನು ಮದುವೆಯಾಗಿ ಅದೇ ಊರಿನಲ್ಲಿದ್ದೆ. ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಕೂರುತ್ತಿದ್ದೆ. ಆ ಹೊತ್ತಿಗೆ ಮೆಬೆಂಡಜೋಲ್ ಗುಳಿಗೆ ಬಂದು ಚಮಚದ ಲೆಕ್ಕ ಕಡಿಮೆಯಾಗಿತ್ತು. ಆಳಂದ, ಮುರುಮ, ಆಲೂರ ಕಡೆಯ ಹೆಣ್ಣುಮಕ್ಕಳು ನಾನು ಕೂತ ಹೊತ್ತು ನೋಡಿಕೊಂಡೇ ಬರುತ್ತಿದ್ದರು, ಕನ್ನಡದಲ್ಲಿ ಮಾತಾಡಬಹುದು ಎಂದು. ಒಮ್ಮೆ ಹೊಸ ಬಳೆ, ಹೊಸ ಸೀರೆಯ ಹುಡುಗಿ ಬಂದು ನಾದಿನಿಯ ಮಗುವಿಗೆಂದು ಹುಳದ ಗುಳಿಗೆ ಕೇಳಿದಳು. ಮಗುವಿಗೆ ಎಷ್ಟು ವರ್ಷ ಎಂದೆ. ಹೇಳಲು ಬರಲಿಲ್ಲ. ನಾನು ದನಿ ತಗ್ಗಿಸಿ, "ತಂಗಿ, ಮುಟ್ಟಾಗಿ ಎಷ್ಟ್ ದಿನ ಆಯ್ತು?" ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ಎರಡು ತಿಂಗಳ ಹತ್ತಿರ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿರಲಿಲ್ಲ. ಬಸುರಿನ ಮೊದಲ ಮೂರು ತಿಂಗಳು ಆ ಗುಳಿಗೆ ಕೊಡಬಾರದು. ಚೀಟಿಯಲ್ಲಿ ಅದು ಇತ್ತು, ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಉದಗೀರದ ಅತ್ತಾರ ಮುದುಕ ನನಗೆ ಆವಾಗ ನೆನಪಾದ. ಅವಳನ್ನು ಡಾಕ್ಟರ್ ಬಾಯಿಯ ಹತ್ತಿರ ನಾನೇ ಕರೆದುಕೊಂಡು ಹೋದೆ.

ಇದೇ ಕಾಲದಲ್ಲಿ ನನ್ನ ಕಣ್ಣಮುಂದೆ ಇನ್ನೊಂದು ಹುಳ ಇಲ್ಲವಾಯಿತು. ಹೊಟ್ಟೆಯದಲ್ಲ, ಕಾಲಿನದು: ನಾರುಹುಣ್ಣು. ಅಪ್ಪನ ಮೀನಖಂಡದ ಮೇಲೆ ಅದರ ಗಾಯದ ಗುರುತು ಸಾಯುವವರೆಗೂ ಇತ್ತು. ಗಜದುದ್ದದ ಹುಳವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಅಂಗುಲದಂತೆ ಎಳೆಯಬೇಕು. ಹರಿದರೆ ಕಾಲು ಕೊಳೆಯುತ್ತದೆ. ಮೆಟ್ಟಿಲಿಳಿದು ಕಾಲದ್ದಿ ನೀರು ತುಂಬುವ ಬಾವಿಗಳಿಂದ ಬರುವ ರೋಗ ಅದು. ಅದಕ್ಕೆ ಔಷಧಿಯೇ ಇರಲಿಲ್ಲ, ಇವತ್ತಿಗೂ ಇಲ್ಲ. 1983ರ ಸುಮಾರಿಗೆ ಸರಕಾರದ ಯೋಜನೆ ಶುರುವಾಯಿತು. ಮೆಟ್ಟಿಲ ಬಾವಿಗೆ ಕಟ್ಟೆ ಕಟ್ಟುವುದು, ಕೈಪಂಪು ಹಾಕುವುದು, ಬಾವಿಗೆ ಔಷಧಿ ಬಿಡುವುದು, ನೀರನ್ನು ಬಟ್ಟೆಯಲ್ಲಿ ಸೋಸಿರೆಂದು ಮನೆಮನೆಗೆ ಬಂದು ತೋರಿಸುವುದು. ದೇಶದ ಕೊನೆಯ ರೋಗಿ ರಾಜಸ್ಥಾನದಲ್ಲಿ 1996ರಲ್ಲಿ ಸಿಕ್ಕಿದ. 2000ದಲ್ಲಿ ಭಾರತ ಅದರಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಮಾರಲು ಬಾಟಲಿಯೇ ಇಲ್ಲದ ಹುಳ ಹೋಯಿತು. ನೂರು ಬಾಟಲಿಯ ಜಂತುಹುಳ ಉಳಿಯಿತು. ತಮ್ಮನ ಅಂಗಡಿಯ ಕಪಾಟಿನ ಮುಂದೆ ಕೂತು ನಾನು ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಚರಕದ ಮೂರನೆಯ ಮಾತನ್ನು ಒಂದು ಹುಳದ ವಿಷಯದಲ್ಲಿ ನಾವು ಪೂರಾ ಮಾಡಿದೆವು, ಬೇರೆ ದಾರಿ ಇರಲಿಲ್ಲವೆಂದು. ಇನ್ನೊಂದರ ವಿಷಯದಲ್ಲಿ ಬಾಟಲಿ ಇತ್ತಲ್ಲ, ತಡವಾಯಿತು. ಹಳ್ಳಿಗಳಲ್ಲಿ ಪಾಯಖಾನೆಯ ಮಾತು ಗಟ್ಟಿಯಾಗಿ ಕೇಳಿಸಿದ್ದು 2000ದ ಮೇಲೆ, ಸಂತ ಗಾಡಗೆ ಬಾಬಾರ ಹೆಸರಿನ ಸ್ವಚ್ಛತಾ ಅಭಿಯಾನ ಬಂದಾಗ.

ಕೆಲವು ವರ್ಷದ ಹಿಂದೆ ಫೆಬ್ರವರಿ 10ಕ್ಕೆ ನಾನು ಊರಲ್ಲಿದ್ದೆ. 2015ರಿಂದ ಆ ದಿನ ಜಂತುನಾಶಕ ದಿನ. ಎರಡು ವರ್ಷದಿಂದ ಹತ್ತೊಂಬತ್ತು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಶಾಲೆಯಲ್ಲಿ, ಅಂಗನವಾಡಿಯಲ್ಲಿ 400 ಮಿಲಿಗ್ರಾಂನ ಒಂದು ಅಲ್ಬೆಂಡಜೋಲ್ ಗುಳಿಗೆ, ಜಗಿದು ತಿನ್ನಲು, ಪುಕ್ಕಟೆ. ಒಂದರಿಂದ ಎರಡು ವರ್ಷದ ಕೂಸುಗಳಿಗೆ ಅರ್ಧ. ಯಾರಿಗೆ ಹುಳ ಇದೆ, ಯಾರಿಗಿಲ್ಲ ಎಂದು ಕೇಳುವುದಿಲ್ಲ. ಎಲ್ಲರಿಗೂ ಒಂದೇ ದಿನ. ಆ ಒಂದು ಏರ್ಪಾಡಿನಿಂದ ನಾಚಿಕೆಯ ಗಂಟು ಎಷ್ಟು ಸಡಿಲಾಗಿದೆ ಎಂದು ಒಳಗಿನ ಕೋಣೆಗಳಲ್ಲಿ ಕೂತು ಕೇಳಿಸಿಕೊಂಡವರಿಗಷ್ಟೇ ಗೊತ್ತು. ಅಂಗನವಾಡಿ ನಮ್ಮ ಮನೆಯ ಎದುರಿಗೇ. ಆಶಾ ಕಾರ್ಯಕರ್ತೆ ಭಾಲ್ಕಿಯ ಕಡೆಯಿಂದ ಸೊಸೆಯಾಗಿ ಬಂದವಳು. ಮರಾಠಿಯಲ್ಲಿ ರಜಿಸ್ಟರ್ ಬರೆಯುತ್ತ, ಕನ್ನಡದಲ್ಲಿ ತಾಯಂದಿರಿಗೆ ಹೇಳುತ್ತಿದ್ದಳು: ಕೂಸಿಗೆ ಗುಳಿಗೆ ಹಾಗೇ ಕೊಡಬಾರದು, ಗಂಟಲಿಗೆ ಸಿಕ್ಕೀತು, ಎರಡು ಚಮಚದ ನಡುವೆ ಇಟ್ಟು ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಬೇಕು. ಅವಳ ಹತ್ತಿರ ಒಂದೇ ಚಮಚ ಇತ್ತು. "ಅಕ್ಕಾ, ಇನ್ನೊಂದು ಚಮಚಾ ಇದ್ರ ಕೊಡ್ರಿ" ಎಂದು ನನ್ನನ್ನು ಕೂಗಿದಳು.

ಕಟ್ಟೆಯ ಮೇಲೆ ಕೂತಿದ್ದ ಅವ್ವ ನನಗಿಂತ ಮೊದಲು ಎದ್ದಳು. ಎಂಬತ್ತು ದಾಟಿದ ಕಾಲು, ಗೋಡೆ ಹಿಡಿದು ಒಳಗೆ ಹೋಗಿ ಗೂಡು ತಡವಿ ಬಂದಳು. ಕೆಂಪು ದಾರ ಎಂದೋ ಹೋಗಿ ಹಿಡಿಕೆಯ ಮೇಲೆ ಅದರ ಕಲೆಯಷ್ಟೇ ಉಳಿದಿತ್ತು. ಆಶಾಳ ಕೈಗೆ ಕೊಡುವ ಮುಂಚೆ ಸೆರಗಿನಿಂದ ಒರೆಸಿದಳು.

"ಒಂದಾ, ಅರ್ಧಾ?" ಎಂದು ಕೇಳಿದಳು.

"ಇದು ಒಂದೂವರಿ ವರ್ಷದ್ದ ಆಯಿ, ಅರ್ಧ."

"ಎಲ್ಲಾರಿಗಿ ಕೇಳಂಗ ಹೇಳು."

ಆಶಾ ಗುಳಿಗೆಯನ್ನು ಎರಡು ಮಾಡಿ, ಅರ್ಧವನ್ನು ಎತ್ತಿ ಹಿಡಿದು ಸುತ್ತಲಿನ ತಾಯಂದಿರಿಗೆ ತೋರಿಸಿದಳು. ಆಮೇಲೆ ಅವ್ವನ ಚಮಚದಲ್ಲಿ ಅದನ್ನಿಟ್ಟು, ತನ್ನ ಚಮಚದ ಬೆನ್ನಿನಿಂದ ಒತ್ತಿದಳು.